ಬಿಳಿ ಕೋಲೋ, ಗುರ್ ಅನ್ನುವ ಕೋಲೋ?

ಕಣ್ಣು ಕಾಣದ ನನಗೆ ಹತ್ತು ವರ್ಷದಿಂದ ಜೊತೆಗಿರುವುದು ಮಾಮೂಲಿ ಬಿಳಿ ಕೋಲು. ನಾಲ್ಕು ಮಡಿಕೆ, ಒಳಗೆ ಎಲಾಸ್ಟಿಕ್, ಬೆಲೆ ಕೆಲವು ನೂರು ರೂಪಾಯಿ. ಹೋದ ಮಳೆಗಾಲಕ್ಕೆ ಮೊದಲು ಸ್ಮಾರ್ಟ್‌ಕೇನ್ ಕೂಡ ಬಂತು. ದೆಹಲಿಯ ಐಐಟಿಯವರು ತಯಾರಿಸಿ 2014ರಲ್ಲಿ ಹೊರತಂದದ್ದು. ಕೋಲು ಅಂಥದ್ದೇ, ಹಿಡಿಯಲ್ಲಿ ಒಂದು ಯಂತ್ರ. ಬಾವಲಿಯ ಹಾಗೆ ನಮಗೆ ಕೇಳದ ಸದ್ದು ಬಿಡುತ್ತದೆ. ಅದು ಏನಕ್ಕಾದರೂ ಬಡಿದು ವಾಪಸ್ ಬಂದರೆ ಕೈಯಲ್ಲಿ ಗುರ್ ಅನ್ನುತ್ತದೆ.

ಬದಿಯಡ್ಕ ಪೇಟೆಯಲ್ಲಿ ಗೆದ್ದದ್ದು ಇದೇ. ಹಳೆ ಕೋಲಿಗೆ ನೆಲ ಮಾತ್ರ ಗೊತ್ತು. ನಿಂತ ಲಾರಿಯ ಅಡಿಗೆ ಅದು ಸಲೀಸಾಗಿ ನುಗ್ಗುತ್ತದೆ, ಹಿಂದಿನ ಹಲಗೆ ಬಂದು ನನ್ನ ಎದೆಗೆ ಬಡಿಯುತ್ತದೆ. ಎರಡು ಸಲ ಹೀಗಾಗಿದೆ, ಒಮ್ಮೆ ಕಪ್ಪು ಕನ್ನಡಕವೂ ಹೋಯಿತು. ಸ್ಮಾರ್ಟ್‌ಕೇನ್ ಮೊಣಕಾಲಿನಿಂದ ತಲೆಯವರೆಗಿನ ಅಡ್ಡಿಯನ್ನು 3 ಮೀಟರ್ ದೂರದಿಂದಲೇ ಹೇಳುತ್ತದೆ. ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಕಿವಿ ಯಾವ ಕೆಲಸಕ್ಕೂ ಬರುವುದಿಲ್ಲ, ಆಗಲೂ ಕೈಗೆ ಗೊತ್ತಾಗುತ್ತದೆ.

ತೋಟಕ್ಕೆ ಇಳಿದರೆ ಕಥೆ ಬೇರೆ. ನಮ್ಮಲ್ಲಿ ಅಡಿಕೆ ನೆಡುವುದು ಒಂಬತ್ತು ಅಡಿಗೊಂದು, ಅಂದರೆ ಸುಮಾರು 2.7 ಮೀಟರ್. ಯಂತ್ರದ ಕಣ್ಣು 3 ಮೀಟರ್. ಬೀಸಿದ ಕಡೆಯೆಲ್ಲ ಮರವೇ ಅಲ್ವಾ! ಅಕ್ಕನ ಮಗ ನಕ್ಕ: "ಮಾವ, ಕೋಲಿಗೆ ಫೋನ್ ಬರ್ತಾ ಉಂಟು." ಹತ್ತಿರದ ಅಳತೆಗೆ, 1.8 ಮೀಟರಿಗೆ ಇಟ್ಟರೆ ಸ್ವಲ್ಪ ಸುಮ್ಮನಾಗುತ್ತದೆ.

ಆದರೆ ತೋಟದಲ್ಲಿ ನನಗೆ ಹೆದರಿಕೆ ಮರದ್ದಲ್ಲ. ನೀರಿನ ಕಣಿ, ಒದ್ದೆ ಸೋಗೆ, ಪಾಚಿ ಹಿಡಿದ ಮೆಟ್ಟಿಲು. ಇಲ್ಲಿ ಹಳೆ ಕೋಲಿನ ತುದಿಯೇ ಗುರು. ಮುರಕಲ್ಲಿಗೆ ಟೊಕ್, ಸಿಮೆಂಟಿಗೆ ಟಣ್. ಸದ್ದೇ ಬರಲಿಲ್ಲ ಅಂದರೆ ಪಾಚಿ, ಅಲ್ಲಿ ಕಾಲಿಡಬಾರದು. ಸ್ಮಾರ್ಟ್‌ಕೇನ್‌ನ ತುದಿಯೂ ನೆಲ ಮುಟ್ಟುತ್ತದೆ, ನಿಜ. ಆದರೆ ಹಿಡಿ ಭಾರ. ಆ ಸಣ್ಣ ವ್ಯತ್ಯಾಸ ಮಣಿಕಟ್ಟಿಗೆ ತಲುಪುವುದೇ ಇಲ್ಲ. ಅರ್ಧ ಗಂಟೆ ಬೀಸಿದರೆ ಕೈ ನೋವು ಬೇರೆ.

ಬೆಲೆಯೂ ಜಾಸ್ತಿ, ಸಾವಿರಗಳ ಲೆಕ್ಕ. ಪೇಟೆಗೆ ದಿನಾ ಹೋಗುವವರಾದರೆ ತೆಗೆದುಕೊಳ್ಳಿ, ಮನೆ ತೋಟ ಅಂತ ಇರುವವರಿಗೆ ಸುಮ್ನೆ ಖರ್ಚು. ನಾನು ಬಸ್ಸಿಗೆ ಹೊರಟಾಗ ಮಾತ್ರ ಅದನ್ನು ಹಿಡಿಯುತ್ತೇನೆ. ಜೂನ್ ತಿಂಗಳಲ್ಲಿ ರಾತ್ರಿಯಿಡೀ ಕರೆಂಟ್ ಇಲ್ಲದೆ ಚಾರ್ಜ್ ಆಗದಿದ್ದರೆ ಪೇಟೆಗೂ ಹಳೆಯದೇ. ಲಾರಿ ಕಂಡರೆ ಯಾರಾದರೂ ಕೂಗಿ ಹೇಳುತ್ತಾರೆ, ಹೆಚ್ಚಾಗಿ ಬಡಿದ ಮೇಲೆ.