ಹಿರಿಯರ ಆರೈಕೆ ಕೇಂದ್ರ: ರಾತ್ರಿ ಪಾಳಿಯನ್ನೂ ನೋಡಿ ಬರೆದ ವಿಮರ್ಶೆ

ನಮ್ಮ ತಾಯಿಯವರು ವಾಸವಾಗಿರುವ ಈ ಆರೈಕೆ ಕೇಂದ್ರದ ಕಟ್ಟಡ, ಕೋಣೆಗಳು ಮತ್ತು ಕೈತೋಟ ಚೆನ್ನಾಗಿವೆ. ಆ ವಿಷಯ ಅಷ್ಟಕ್ಕೇ ಸಾಕು. ಹಾಸಿಗೆ ಬಿಟ್ಟು ಏಳುವುದಕ್ಕೂ ಇನ್ನೊಬ್ಬರ ಆಸರೆ ಬೇಕಾದವರನ್ನು ಸೇರಿಸುವ ಮುನ್ನ ತಿಳಿಯಬೇಕಾದದ್ದು, ಅಲ್ಲಿ ಅವಘಡವೊಂದು ನಡೆದ ಮೇಲೆ ಸಿಬ್ಬಂದಿ ಏನು ಮಾಡುತ್ತಾರೆ ಎಂಬುದನ್ನು.

ಮೊದಲು ಇಲ್ಲಿ ಯಾರಾದರೂ ಬಿದ್ದರೆ ದಾಖಲೆ ಪುಸ್ತಕದಲ್ಲಿ ‘ಅಜಾಗರೂಕತೆಯಿಂದ ಬಿದ್ದರು’ ಎಂದು ಬರೆದು, ಮಂಚದ ಎರಡೂ ಬದಿಯ ಕಂಬಿಗಳನ್ನು ಏರಿಸಿಬಿಡುತ್ತಿದ್ದರು. ಗಲಿಬಿಲಿಗೊಂಡ ಹಿರಿಯರು ಆ ಕಂಬಿಯನ್ನೇ ಹತ್ತಿ ಇಳಿಯಲು ಹೋಗಿ ಇನ್ನೂ ಎತ್ತರದಿಂದ ಬೀಳಬಹುದು, ಇಲ್ಲವೇ ಕಂಬಿಗೂ ಹಾಸಿಗೆಗೂ ನಡುವೆ ಸಿಲುಕಬಹುದು ಎಂಬುದನ್ನು ಯಾರೂ ಯೋಚಿಸಿದಂತೆ ಕಾಣಲಿಲ್ಲ. ಈಗಿನ ಮುಖ್ಯ ಶುಶ್ರೂಷಕಿ ಬಂದ ಮೇಲೆ ಈ ಪದ್ಧತಿ ಬದಲಾಯಿತು. ತಾಯಿಯವರು ಬಿದ್ದಾಗ ಈ ಶುಶ್ರೂಷಕಿ, ತಾಯಿಯವರು ಮಲಗಿದ್ದಾಗಿನ ರಕ್ತದೊತ್ತಡವನ್ನೂ ಎದ್ದು ನಿಂತ 3 ನಿಮಿಷಗಳೊಳಗಿನ ರಕ್ತದೊತ್ತಡವನ್ನೂ ಅಳೆಸಿದರು. ನಿಂತಾಗ ಮೇಲಿನ ಅಂಕಿ 20ಕ್ಕಿಂತ ಹೆಚ್ಚು ಇಳಿದಿತ್ತು, ಅಂದರೆ ಎದ್ದಾಗ ತಲೆ ಸುತ್ತಿ ಬೀಳುವಷ್ಟು ಇಳಿತ. ರಕ್ತದೊತ್ತಡದ ಮಾತ್ರೆ ಮತ್ತು ರಾತ್ರಿಯ ನಿದ್ರೆ ಮಾತ್ರೆ ಎರಡನ್ನೂ ವೈದ್ಯರು ಮರುಪರಿಶೀಲಿಸಿದರು, ಮಂಚವನ್ನು ತಗ್ಗಿಸಲಾಯಿತು, ಶೌಚಾಲಯದ ದಾರಿಗೆ ಮಂದ ದೀಪ ಬಂತು. ‘ಯಾರ ತಪ್ಪು’ ಎಂದು ಹುಡುಕುವ ಬದಲು ‘ಏಕೆ ಬಿದ್ದರು’ ಎಂದು ಕೇಳಿದ್ದರಿಂದಲೇ ಇಷ್ಟೆಲ್ಲ ಸಾಧ್ಯವಾಯಿತೆಂದು ನಾನು ನಂಬಿದ್ದೇನೆ. ವಯಸ್ಸಾದವರಿಗೆ ಆದಷ್ಟೂ ಕೊಡಬಾರದ ಔಷಧಿಗಳ ಬಿಯರ್ಸ್ ಪಟ್ಟಿ 1991ರಲ್ಲಿ ಮೊದಲು ಸಿದ್ಧವಾದದ್ದೇ ಇಂತಹ ಆರೈಕೆ ಕೇಂದ್ರಗಳ ನಿವಾಸಿಗಳಿಗಾಗಿ. ನಿದ್ರೆ ಮಾತ್ರೆಯ ಬಗ್ಗೆ ಪ್ರಶ್ನೆ ಎತ್ತಲು ಬಿದ್ದು ಪೆಟ್ಟಾಗುವವರೆಗೆ ಕಾಯಬೇಕಿರಲಿಲ್ಲ ಎಂಬ ಬೇಸರ ನನಗೆ ಇಂದಿಗೂ ಇದೆ.

ಹಾಸಿಗೆ ಹುಣ್ಣಿನ ವಿಷಯದಲ್ಲಿ ಇಲ್ಲಿಯವರ ಶ್ರದ್ಧೆಯನ್ನು ಮನಸಾರೆ ಮೆಚ್ಚುತ್ತೇನೆ. ರಾತ್ರಿ ಪಾಳಿಯ ಸಹಾಯಕಿಯೊಬ್ಬರು ತಾಯಿಯವರನ್ನು ಮಗ್ಗುಲು ಬದಲಿಸಿ ಮಲಗಿಸುವಾಗ ಹಿಮ್ಮಡಿಯ ಕೆಂಪಗಿನ ಜಾಗವನ್ನು ಬೆರಳಿನಿಂದ ಒತ್ತಿ, ಬಿಟ್ಟು, ದೀಪ ಹತ್ತಿರ ಹಿಡಿದು ನೋಡಿದರು. ಒತ್ತಿದಾಗ ಕೆಂಪು ಬಿಳುಚಿಕೊಂಡರೆ ರಕ್ತ ಹರಿಯುತ್ತಿದೆ ಎಂದರ್ಥ. ಬಿಳುಚಿಕೊಳ್ಳದೆ ಹಾಗೆಯೇ ಉಳಿದರೆ ಚರ್ಮ ಒಡೆಯದಿದ್ದರೂ ಹುಣ್ಣು ಆಗಲೇ ಆರಂಭವಾಗಿರುತ್ತದೆ. ಬಳಿಕ ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿ, ಸಮಯ ಬರೆದು ಸಹಿ ಹಾಕಿದರು. ಗಾಳಿ ಹಾಸಿಗೆ ತಂದಿಟ್ಟರೆ ಸಾಕೆಂದುಕೊಂಡಿರುವ ಕುಟುಂಬದವರು ಈ ಕೆಲಸವನ್ನು ಒಮ್ಮೆ ಕಣ್ಣಾರೆ ನೋಡಬೇಕು.

ಔಷಧಿ ಕೊಡುವಾಗ ಹೆಸರು ಕೇಳಿ, ನುಂಗಿದ್ದನ್ನು ನೋಡಿದ ನಂತರವೇ ಗುರುತು ಹಾಕುತ್ತಾರೆ. ಕೈ ತೊಳೆಯುವುದರಲ್ಲೂ ಲೋಪ ಕಂಡಿಲ್ಲ.

ಕೊರತೆಯಿರುವುದು ವಾರಾಂತ್ಯದಲ್ಲಿ. ಆಗ ಬರುವ ತಾತ್ಕಾಲಿಕ ಸಿಬ್ಬಂದಿಗೆ ಪಾಳಿ ಬದಲಾಗುವ ಹೊತ್ತಿನಲ್ಲಿ ಸಿಗುವ ಮಾಹಿತಿ ತೀರಾ ಕಡಿಮೆ. ನುಂಗಲು ತೊಂದರೆಯಿರುವ ಕಾರಣ ತಾಯಿಯವರಿಗೆ ನೀರನ್ನು ಗಟ್ಟಿ ಮಾಡಿಯೇ ಕುಡಿಸಬೇಕು ಮತ್ತು ಊಟವಾದ ಮೇಲೆ ಅರ್ಧ ಗಂಟೆಯಾದರೂ ನೆಟ್ಟಗೆ ಕೂರಿಸಬೇಕು. ಇಲ್ಲದಿದ್ದರೆ ನೀರು, ಆಹಾರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವ ಭಯವಿದೆ. ಹೀಗಿದ್ದೂ ತಾತ್ಕಾಲಿಕ ಸಿಬ್ಬಂದಿಯೊಬ್ಬರು ಮಲಗಿದ್ದವರಿಗೆ ಸಾದಾ ನೀರು ಕುಡಿಸಲು ಹೊರಟಿದ್ದನ್ನು ನಾನೇ ತಡೆದೆ. ಅವರನ್ನು ದೂರಲಾರೆ, ಅವರಿಗೆ ಯಾರೂ ಹೇಳಿರಲಿಲ್ಲ. ಈ ಎರಡು ಸೂಚನೆಗಳನ್ನು ಮಂಚದ ತಲೆಯ ಬಳಿ ದೊಡ್ಡ ಅಕ್ಷರದಲ್ಲಿ ಹಾಕಬೇಕೆಂದು ಆಡಳಿತ ಮಂಡಳಿಗೆ ಲಿಖಿತವಾಗಿ ಕೇಳಿದ್ದೇನೆ. ‘ಪರಿಶೀಲಿಸುತ್ತೇವೆ’ ಎಂಬ ಉತ್ತರ ಬಂದಿದೆ, ಫಲಕ ಬಂದಿಲ್ಲ. ಐದಕ್ಕೆ ನಾಲ್ಕು ಅಂಕ ಕೊಡುತ್ತಿದ್ದೇನೆ. ಉಳಿದೊಂದು ಅಂಕವನ್ನು ಆ ಫಲಕಕ್ಕಾಗಿಯೇ ತಡೆಹಿಡಿದಿದ್ದೇನೆ.