ಆಶ್ ಕೌಂಟಿಯಿಂದ ತಂದ ಫ್ರೇಸರ್ ಫರ್: ಮರಕ್ಕೆ ಪೂರ್ತಿ ಅಂಕ, ಸ್ಟ್ಯಾಂಡಿಗೆ ಇಲ್ಲ

ನಾರ್ತ್ ಕ್ಯಾರೊಲಿನಾದ ಕೇರಿ ಪಟ್ಟಣದಲ್ಲಿ ಎಂಟು ಕ್ರಿಸ್ಮಸ್‌ಗಳನ್ನು ಪ್ಲಾಸ್ಟಿಕ್ ಮರದೊಂದಿಗೇ ಕಳೆದ ನಾವು, ಈ ಬಾರಿ ಅಮ್ಮ ಹಾಸನದಿಂದ ಬಂದಿದ್ದರಿಂದ, ಮೊದಲ ಸಲ ನಿಜವಾದ ಮರವನ್ನು ಮನೆಗೆ ತಂದೆವು. 2025ರ ಡಿಸೆಂಬರ್ 6ರ ಶನಿವಾರ ಆಶ್ ಕೌಂಟಿಯ ಬೆಟ್ಟದ ಮೇಲಿನ ಒಂದು ತೋಟದಲ್ಲಿ ನಾವೇ ಆರಿಸಿ, ನಾವೇ ಕೊಯ್ದು ತಂದ ಏಳಡಿಯ ಫ್ರೇಸರ್ ಫರ್ ಅದು. ಜನವರಿ 6ರ ಮೂರು ರಾಯರ ಹಬ್ಬದವರೆಗೂ ಅದು ಹಸಿರಾಗಿಯೇ ನಿಂತಿತ್ತು. ಆದರೆ ಮೊದಲ ರಾತ್ರಿಯೇ ಅದು ಒಣಗುವ ದಾರಿ ಹಿಡಿದಿತ್ತು ಮತ್ತು ಅದಕ್ಕೆ ಕಾರಣ ಮರವಲ್ಲ, ಮರದ ಜೊತೆಗೆ ತೋಟದವರು ಮಾರಿದ, ಬುಡವನ್ನು ನೀರಿನಲ್ಲಿಟ್ಟು ಮರ ನಿಲ್ಲಿಸುವ ಸ್ಟ್ಯಾಂಡು. ಒಂದೇ ಭೇಟಿಯ ಆಧಾರದ ಮೇಲೆ ಒಂದು ಕುಟುಂಬದ ಹೆಸರು ಕೆಡಿಸಲು ನನಗೆ ಮನಸ್ಸಿಲ್ಲವಾದ್ದರಿಂದ ತೋಟದ ಹೆಸರನ್ನು ಇಲ್ಲಿ ಬರೆದಿಲ್ಲ.

ಮೊದಲು ಮರದ ಮಾತು. ಅಮೆರಿಕದಲ್ಲಿ ಕ್ರಿಸ್ಮಸ್ ಮರ ಬೆಳೆಯುವುದರಲ್ಲಿ ಆರೆಗನ್ ರಾಜ್ಯ ಮೊದಲನೆಯದು, ನಾರ್ತ್ ಕ್ಯಾರೊಲಿನಾ ಎರಡನೆಯದು. ಇಲ್ಲಿ ಬೆಳೆಯುವುದು ಬಹುಪಾಲು ಫ್ರೇಸರ್ ಫರ್. ಸ್ಕಾಟ್ಲೆಂಡಿನ ಸಸ್ಯಶಾಸ್ತ್ರಜ್ಞ ಜಾನ್ ಫ್ರೇಸರ್ ಅವರ ಹೆಸರು ಹೊತ್ತ ಈ ಮರ ದಕ್ಷಿಣ ಅಪಲಾಚಿಯನ್ ಬೆಟ್ಟಗಳ ಎತ್ತರದ ತುದಿಗಳಲ್ಲಷ್ಟೇ ತಾನಾಗಿ ಬೆಳೆಯುವಂಥದ್ದು. ಸೂಜಿಯೆಲೆಯನ್ನು ತಿರುಗಿಸಿ ನೋಡಿದರೆ ಅಡಿಯಲ್ಲಿ ಎರಡು ಬೆಳ್ಳಿಗೆರೆಗಳು ಕಾಣುತ್ತವೆ. ದೀಪದ ಬೆಳಕು ಕೆಳಗಿನಿಂದ ಬಿದ್ದಾಗ ಇಡೀ ಮರಕ್ಕೆ ಬರುವ ತಿಳಿಬೂದು ಹೊಳಪು ಆ ಗೆರೆಗಳದ್ದು. ಏಳಡಿ ಬೆಳೆಯಲು ಸುಮಾರು ಹತ್ತು ವರ್ಷ ಬೇಕು. ಆ ಮಟ್ಟಸವಾದ ಗೋಪುರದ ಆಕಾರವೂ ತಾನಾಗಿ ಬರುವುದಲ್ಲ, ಪ್ರತಿ ಬೇಸಿಗೆಯಲ್ಲೂ ಕೆಲಸಗಾರರು ಸಾಲುಸಾಲಾಗಿ ನಡೆದು ಉದ್ದನೆಯ ಕತ್ತಿಯಿಂದ ಸವರಿ ಕೊಟ್ಟದ್ದು. ಹತ್ತು ವರ್ಷ ಯಾರೋ ಕಾದು ಬೆಳೆಸಿದ ಮರವನ್ನು ಒಂದು ತಿಂಗಳು ನಾವು ಸರಿಯಾಗಿ ನೋಡಿಕೊಳ್ಳಬೇಕಲ್ಲವೇ ಎಂಬ ಯೋಚನೆ ಗರಗಸ ಕೈಗೆ ಬಂದಾಗ ನನ್ನನ್ನು ನಿಜವಾಗಿಯೂ ಕಾಡಿತು.

ನಮ್ಮೂರಿನಲ್ಲಿ ಹೀಗೆ ಯೋಚಿಸುವ ಪ್ರಸಂಗವೇ ಇರಲಿಲ್ಲ. ಡಿಸೆಂಬರ್ 23ರ ಸಂಜೆ ಅಪ್ಪ ಒಂದು ಸರ್ವೆ ಕೊಂಬೆ ಕಡಿದು ತಂದು, ಮರಳು ತುಂಬಿದ ಬಕೆಟ್ಟಿಗೆ ನೆಟ್ಟು, ಕಲ್ಲು ಒತ್ತಿ ನಿಲ್ಲಿಸುತ್ತಿದ್ದರು. ಅದರ ಬುಡದಲ್ಲೇ ಗೋದಲಿ. ಹೊಸ ವರ್ಷದ ಹೊತ್ತಿಗೆ ಕೊಂಬೆ ಒಣಗಿ ಕಂದಾಗಿ ಒಲೆ ಸೇರುತ್ತಿತ್ತು. ನೀರು ಹಾಕಬೇಕೆಂದು ಯಾರಿಗೂ ಹೊಳೆದದ್ದಿಲ್ಲ.

ತೋಟದ ಸೇವೆಯ ಬಗ್ಗೆ ಹೇಳುವುದಾದರೆ, ದೂರುವಂಥದ್ದು ಹೆಚ್ಚೇನಿಲ್ಲ. ಕೇರಿಯಿಂದ ಸುಮಾರು ಮೂರು ಗಂಟೆಯ ದಾರಿ. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತದಿಂದ ಪೆಟ್ಟು ತಿಂದ ಸೀಮೆ ಅದು. ಅಲ್ಲಿಗೇ ಹೋಗಿ ಬೆಳೆಗಾರರ ಕೈಗೇ ದುಡ್ಡು ಕೊಡಬೇಕೆಂಬುದೂ ನಮ್ಮ ಪ್ರಯಾಣದ ಒಂದು ಕಾರಣವಾಗಿತ್ತು. ಅಳತೆಗೋಲು ಮತ್ತು ಗರಗಸ ಕೊಟ್ಟು ಸಾಲುಗಳ ನಡುವೆ ಬಿಡುತ್ತಾರೆ, ಅವಸರ ಮಾಡುವುದಿಲ್ಲ. ಕೊಯ್ದ ಮರವನ್ನು ಯಂತ್ರದ ಮೇಲೆ ನಿಲ್ಲಿಸಿ ಅಲುಗಾಡಿಸಿ, ಒಳಗೆ ಸಿಕ್ಕಿಕೊಂಡಿದ್ದ ಹಳೆಯ ಕಂದು ಸೂಜಿಗಳನ್ನೆಲ್ಲ ಉದುರಿಸಿ, ಬಲೆಯಲ್ಲಿ ಸುತ್ತಿ, ಬುಡ ಮುಂದಕ್ಕೆ ಬರುವಂತೆ ಕಾರಿನ ಮೇಲೆ ಕಟ್ಟಿಕೊಡುತ್ತಾರೆ. ಬುಡ ಮುಂದಿದ್ದರೆ ಗಾಳಿ ಕೊಂಬೆಗಳನ್ನು ಎತ್ತಿ ಮುರಿಯುವುದಿಲ್ಲವೆಂದು ಕಟ್ಟಿದ ಹುಡುಗ ತಾನಾಗಿಯೇ ವಿವರಿಸಿದ್ದು ನನಗೆ ಹಿಡಿಸಿತು.

ಅವರು ಕೊಟ್ಟ ಆರೈಕೆಯ ಚೀಟಿಯೂ ಒಳ್ಳೆಯದೇ. ಕೊಯ್ದ ಬುಡವನ್ನು ಆರೇಳು ಗಂಟೆಯೊಳಗೆ ನೀರಿಗಿಡಬೇಕು. ತಡವಾದರೆ ಅಂಟು ಒಸರಿ ಗಾಯದ ಬಾಯಿ ಮುಚ್ಚಿಕೊಂಡು ಮರ ನೀರು ಎಳೆಯುವುದಿಲ್ಲ. ಆಗ ಅರ್ಧ ಇಂಚಿನಷ್ಟನ್ನು ಮತ್ತೆ ನೇರವಾಗಿ ಕೊಯ್ಯಬೇಕು. ಕಾಂಡದ ದಪ್ಪದ ಒಂದೊಂದು ಇಂಚಿಗೆ ಒಂದೊಂದು ಕ್ವಾರ್ಟ್, ಎಂದರೆ ಒಂದು ಲೀಟರಿಗೆ ತುಸು ಕಡಿಮೆ ನೀರು ಸ್ಟ್ಯಾಂಡಿನಲ್ಲಿ ನಿಲ್ಲಬೇಕು. ಇಷ್ಟನ್ನು ಸ್ಪಷ್ಟವಾಗಿ ಅಚ್ಚು ಹಾಕಿಸಿದ್ದಾರೆ. ನನ್ನ ಬೇಸರ ಇರುವುದು ಇಲ್ಲಿಯೇ. ನಮ್ಮ ಮರದ ಕಾಂಡ ಐದು ಇಂಚಿಗಿಂತ ಸ್ವಲ್ಪ ದಪ್ಪವಿತ್ತು. ಅವರದೇ ಲೆಕ್ಕದಲ್ಲಿ ಅದಕ್ಕೆ ಐದು ಕ್ವಾರ್ಟ್ ನೀರು ಬೇಕು. ಅದೇ ಮೇಜಿನ ಮೇಲಿಟ್ಟು ಅವರು ನಮಗೆ ಮಾರಿದ, ನಾಲ್ಕು ಸ್ಕ್ರೂಗಳ ತಗಡಿನ ಸ್ಟ್ಯಾಂಡು ಮರ ನಿಂತ ಮೇಲೆ ಎರಡು ಲೀಟರನ್ನೂ ಹಿಡಿಯುವುದಿಲ್ಲ. ಅಷ್ಟೇ ಅಲ್ಲ, ಬುಡ ಅದರ ಬಾಯಿಯೊಳಗೆ ಇಳಿಯದಿದ್ದಾಗ ಇನ್ನೊಬ್ಬ ಕೆಲಸಗಾರ ಕತ್ತಿ ತಂದು ಸುತ್ತಲಿನ ತೊಗಟೆಯನ್ನೂ ಅದರ ಒಳಗಿನ ಒಂದು ಪದರವನ್ನೂ ಕೆತ್ತಿ ಸಣ್ಣಗೆ ಮಾಡಿಕೊಟ್ಟ. ಕಾಂಡದ ಹೊರಪದರಗಳೇ ನೀರನ್ನು ಚೆನ್ನಾಗಿ ಮೇಲೇರಿಸುವುದು, ಒಳಗಿನ ತಿರುಳಲ್ಲ. ಹಾಗೆ ಕೆತ್ತುವುದೆಂದರೆ ಮರದ ಬಾಯಿಯನ್ನೇ ಕಿರಿದು ಮಾಡಿದಂತೆ. ಅದು ನನಗೆ ಆ ಗಳಿಗೆಯಲ್ಲಿ ತಿಳಿದಿರಲಿಲ್ಲ. ಮರ ಮಾರುವವರಿಗೆ ತಿಳಿದಿರಬೇಕಾಗಿತ್ತು.

ಸಂಜೆ ಐದಕ್ಕೆ ಮನೆ ಮುಟ್ಟಿ ಮರ ನಿಲ್ಲಿಸಿ, ಸ್ಟ್ಯಾಂಡು ತುಂಬ ನೀರು ಹೊಯ್ದು ಮಲಗಿದೆವು. ಬೆಳಗ್ಗೆ ಎದ್ದು ಕೊಂಬೆಗಳ ಅಡಿ ತೂರಿ ಕೈಯಿಟ್ಟು ನೋಡಿದಾಗ ತಳದಲ್ಲಿ ಒಂದು ಬೆರಳಿನಷ್ಟು ನೀರೂ ಇರಲಿಲ್ಲ. ಕಾಂಡದ ತುದಿ ನೀರಿನಿಂದ ಮೇಲೆ ಗಾಳಿಗೆ ತೆರೆದುಕೊಂಡಿತ್ತು, ಮುಟ್ಟಿದರೆ ಬೆರಳಿಗೆ ಜೇನಿನಂತೆ ಅಂಟು ಹತ್ತಿತು. ಮತ್ತೆ ನೀರು ತುಂಬಿಸಿದೆವು. ಮಧ್ಯಾಹ್ನದವರೆಗೂ ಅದು ಒಂದಿಷ್ಟೂ ಇಳಿಯದಿದ್ದಾಗ ಗಾಯ ಮುಚ್ಚಿಕೊಂಡಿದೆಯೆಂದು ಖಚಿತವಾಯಿತು. ಹೊಸದಾಗಿ ಕೊಯ್ದ ಮರ ಮೊದಲ ದಿನ ಒಂದು ಗ್ಯಾಲನ್, ಎಂದರೆ ನಾಲ್ಕು ಲೀಟರಿನ ಹತ್ತಿರ ನೀರು ಕುಡಿಯಬಲ್ಲದು. ಎರಡು ಲೀಟರಿನ ಸ್ಟ್ಯಾಂಡಿನಲ್ಲಿ ಅದು ರಾತ್ರಿ ಕಳೆಯುವುದಾದರೂ ಹೇಗೆ?

ಅಲಂಕಾರ ಇನ್ನೂ ಹಾಕಿರಲಿಲ್ಲವೆಂಬುದೊಂದೇ ಸಮಾಧಾನ. ಮರವನ್ನು ಹಿತ್ತಿಲಿಗೆ ಹೊತ್ತುಕೊಂಡು ಹೋಗಿ ಎರಡು ಮಣೆಗಳ ಮೇಲೆ ಮಲಗಿಸಿ, ಕೆಳಗಿನ ಒಂದು ಸುತ್ತು ಕೊಂಬೆಗಳನ್ನು ತೆಗೆದು, ಕೆತ್ತಿದ್ದ ಭಾಗವೆಲ್ಲ ಹೋಗುವಂತೆ ನಾಲ್ಕು ಇಂಚು ಕೊಯ್ದೆವು. ನನ್ನ ಯಜಮಾನರು ಗರಗಸ ಎಳೆದಂತೆ ಬಿಳಿಯ ಹಸಿ ಹೊಟ್ಟು ಹುಲ್ಲಿನ ಮೇಲೆ ಬಿದ್ದು, ಕಿತ್ತಳೆ ಸಿಪ್ಪೆ ಹಿಂಡಿದಾಗಿನಂಥ ಒಂದು ವಾಸನೆ ಹಿತ್ತಿಲು ತುಂಬ ಹರಡಿತು. ಹಳೆಯ ತುದಿಯ ಮೇಲೆ ಅಂಟು ಗಾಜಿನಂತೆ ಹೊಳೆಯುವ ಪೊರೆಯಾಗಿತ್ತು, ಹೊಸ ಕೊಯ್ತದ ಮೇಲೆ ಮರದ ಉಂಗುರಗಳು ಒದ್ದೆಯಾಗಿ ಎಣಿಸುವಷ್ಟು ನಿಚ್ಚಳವಾಗಿ ಕಂಡವು. ಅಮ್ಮ ಕುಳಿತು ಹನ್ನೊಂದು ಎಣಿಸಿದರು.

ಅಂದೇ ಹೋಗಿ ಎಂಟು ಲೀಟರ್ ಹಿಡಿಯುವ, ಅಗಲವಾದ ಪಾದದ, ಕಾಲಿನಲ್ಲಿ ಪೆಡಲ್ ತುಳಿದರೆ ಹಿಡಿಕೆಗಳೆಲ್ಲ ಒಟ್ಟಿಗೇ ಬಂದು ಕಾಂಡವನ್ನು ಕಚ್ಚಿಕೊಳ್ಳುವ ಸ್ಟ್ಯಾಂಡು ಕೊಂಡೆವು. ಬೆಲೆ ಹಳೆಯದರ ಮೂರು ಪಟ್ಟು, ಆದರೂ ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಇಬ್ಬರು ಮಂಡಿಯೂರಿ ಸ್ಕ್ರೂ ತಿರುಗಿಸುತ್ತ, ಇನ್ನೊಬ್ಬರು ಮರ ಹಿಡಿದು ಎಡಕ್ಕೆ ಬಲಕ್ಕೆ ಎನ್ನುತ್ತ ಅರ್ಧ ಗಂಟೆ ಒದ್ದಾಡಿದ್ದ ಕೆಲಸ ಎರಡು ನಿಮಿಷದಲ್ಲಿ ಮುಗಿಯಿತು. ನೀರಿನ ಮಟ್ಟ ತೋರಿಸುವ ಒಂದು ಕೆಂಪು ತೇಲುಕಡ್ಡಿಯೂ ಅದರಲ್ಲಿದೆ. ಮೊದಲ ದಿನ ಮರ ನಾಲ್ಕು ಲೀಟರ್ ಎಳೆಯಿತು, ಆ ವಾರವೆಲ್ಲ ದಿನಕ್ಕೆ ಎರಡರಿಂದ ಮೂರು ಲೀಟರ್, ಕ್ರಿಸ್ಮಸ್ ಹೊತ್ತಿಗೆ ಒಂದು ಲೀಟರ್. ಬೆಳಗಿನ ಕಾಫಿಗೆ ಮೊದಲು ಉದ್ದ ಕೊಳವೆಯ ಆಲಿಕೆ ಹಿಡಿದು ನೀರು ಹೊಯ್ಯುವುದನ್ನು ಅಮ್ಮನೇ ವಹಿಸಿಕೊಂಡರು. “ಇದೇನವ್ವ, ಎಮ್ಮೆ ಕುಡ್ದಂಗೆ ಕುಡೀತದಲ್ಲ ಇದು” ಎಂದು ಎರಡನೆಯ ದಿನ ಅವರು ಬೆರಗಾಗಿ ನಿಂತದ್ದು ನನಗೆ ನೆನಪಿದೆ.

ತೋಟದ ಮೇಲೆ ಇನ್ನೊಂದು ಆಕ್ಷೇಪ. ಬರೀ ನಲ್ಲಿ ನೀರು ಸಾಕು, ಏನನ್ನೂ ಬೆರೆಸಬೇಡಿ ಎಂದು ಚೀಟಿಯಲ್ಲಿ ಬರೆದವರು, ಹಣ ಕಟ್ಟುವ ಜಾಗದಲ್ಲಿ ಮರ ಕೆಡದಂತೆ ಇಡುವ ದ್ರಾವಣದ ಬಾಟಲಿಗಳನ್ನು ಸಾಲಾಗಿ ಇಟ್ಟಿದ್ದರು. ಚೀಟಿಯ ಮಾತೇ ಸರಿ. ಸಕ್ಕರೆ, ಆಸ್ಪಿರಿನ್, ಬಾಟಲಿಯ ದ್ರಾವಣ, ಯಾವುದೂ ಬೇಕಿಲ್ಲ. ನೀರಿನ ಮಟ್ಟ ಬುಡಕ್ಕಿಂತ ಕೆಳಗಿಳಿಯದಿದ್ದರೆ ಸಾಕು. ಅದರಾಚೆಗೆ ನಾವು ಮಾಡಿದ್ದು ಇಷ್ಟೇ: ಮರದ ಪಕ್ಕ ನೆಲದಲ್ಲಿದ್ದ ಬಿಸಿಗಾಳಿಯ ಕಿಂಡಿಯನ್ನು ಮುಚ್ಚಿದೆವು, ಅಗ್ಗಿಷ್ಟಿಕೆಯಿಂದ ಮರವನ್ನು ದೂರವಿಟ್ಟೆವು, ಬಿಸಿಯಾಗದ ಎಲ್‌ಇಡಿ ದೀಪಗಳನ್ನೇ ಹಾಕಿ ಮಲಗುವ ಮುನ್ನ ತಪ್ಪದೆ ಆರಿಸಿದೆವು. ಒಣಗಿದ ಮರ ಒಂದು ಕಿಡಿಗೆ ಕ್ಷಣಮಾತ್ರದಲ್ಲಿ ಹೊತ್ತಿ ಉರಿಯುವಂಥದ್ದು. ಇಲ್ಲಿನ ಅಗ್ನಿಸುರಕ್ಷತೆಯವರು ಮರಕ್ಕೂ ಬಿಸಿಯ ಯಾವುದೇ ಮೂಲಕ್ಕೂ ನಡುವೆ ಮೂರಡಿಯಾದರೂ ಅಂತರವಿರಲಿ ಎನ್ನುತ್ತಾರೆ. ಆದ್ದರಿಂದ ನೀರಿನ ವಿಷಯದಲ್ಲಿ ನಾನು ಇಷ್ಟು ಕಟ್ಟುನಿಟ್ಟಾಗಿರುವುದು ಬರೀ ಅಂದಕ್ಕಾಗಿ ಅಲ್ಲ.

ಜನವರಿ 7ರಂದು ಅಲಂಕಾರ ಬಿಚ್ಚುವಾಗ ಕೊಂಬೆಯೊಂದನ್ನು ಬೆರಳುಗಳ ನಡುವೆ ಹಿಡಿದು ಎಳೆದು ನೋಡಿದೆ. ಕೈಗೆ ಬಂದದ್ದು ನಾಲ್ಕೋ ಐದೋ ಸೂಜಿ. ಮರವನ್ನು ವೇಕ್ ಕೌಂಟಿಯ ಸಂಗ್ರಹ ಕೇಂದ್ರಕ್ಕೆ ಒಯ್ದುಕೊಟ್ಟೆವು. ಅಲ್ಲಿ ಇಂಥ ಮರಗಳನ್ನು ಪುಡಿ ಮಾಡಿ ಉದ್ಯಾನಗಳ ಕಾಲುದಾರಿಗೆ ಹಾಸುತ್ತಾರೆ. ಅಗ್ಗಿಷ್ಟಿಕೆಯಲ್ಲಿ ಮಾತ್ರ ಅದನ್ನು ಉರಿಸಬಾರದು, ರಾಳದ ಮಸಿ ಚಿಮಣಿಯೊಳಗೆ ಕಟ್ಟಿಕೊಳ್ಳುತ್ತದೆ.

ಮುಂದಿನ ಡಿಸೆಂಬರಿನಲ್ಲೂ ಅದೇ ತೋಟಕ್ಕೆ ಹೋಗುತ್ತೇವೆ. ಮರಕ್ಕೆ, ಕೆಲಸಗಾರರ ಸೌಜನ್ಯಕ್ಕೆ, ಆ ಚೀಟಿಗೆ ಐದಕ್ಕೆ ಐದು ಕೊಡುತ್ತೇನೆ, ಸ್ಟ್ಯಾಂಡಿಗೆ ಒಂದೇ. ಹೋಗುವವರು ತಮ್ಮ ಸ್ಟ್ಯಾಂಡನ್ನು ಕಾರಿನಲ್ಲೇ ಇಟ್ಟುಕೊಂಡು ಹೋಗಲಿ, ಗರಗಸ ಹಾಕುವ ಮೊದಲು ಕಾಂಡದ ದಪ್ಪವನ್ನು ಅಳೆಯಲಿ, ಬುಡ ಕೆತ್ತಲು ಯಾರಾದರೂ ಕತ್ತಿ ತಂದರೆ ಬೇಡವೆನ್ನಲಿ. ತೋಟದವರು ಮಾರುವ ಒಂದೊಂದು ಸ್ಟ್ಯಾಂಡಿನ ಮೇಲೂ ಅದು ಎಷ್ಟು ನೀರು ಹಿಡಿಯುತ್ತದೆ, ಎಷ್ಟು ದಪ್ಪದ ಕಾಂಡಕ್ಕೆ ಸಾಲುತ್ತದೆ ಎಂದು ಬರೆದು ಅಂಟಿಸಬೇಕೆಂದು ಅವರಿಗೆ ಪತ್ರ ಬರೆದಿದ್ದೇನೆ.