ಹದಿನೈದು ವೋಲ್ಟ್ ಹುಡುಕಿಕೊಂಡು ಖಡೇಬಜಾರಕ್ಕೆ

ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದು ಮೋಟಾರ್ ರಿವೈಂಡಿಂಗ್ ಶೆಡ್ಡು. ಅಪ್ಪನ ಕಾಲದ ಏವೋ 8, ಮುಳ್ಳಿನ ಮಲ್ಟಿಮೀಟರು, ಇನ್ನೂ ಇದೆ. ವೋಲ್ಟೇಜು ಕರೆಕ್ಟಾಗಿ ತೋರಿಸುತ್ತದೆ. ಆದರೆ 20 ಮೆಗಾಓಮ್ (ಎರಡು ಕೋಟಿ ಓಮ್) ತನಕ ರೆಸಿಸ್ಟೆನ್ಸ್ ಅಳೆಯುವ ರೇಂಜು ಸತ್ತೇ ಹೋಗಿತ್ತು. ಅದೊಂದಕ್ಕೆ ಮಾತ್ರ 15 ವೋಲ್ಟಿನ ಪುಟ್ಟ ಬ್ಯಾಟರಿ ಬೇಕು. ಉಳಿದ ಓಮ್ ರೇಂಜುಗಳಿಗೆ ಒಂದೂವರೆ ವೋಲ್ಟಿನ ಸೆಲ್ಲು ಸಾಕು.

ಆನ್‌ಲೈನಲ್ಲಿ ತರಿಸಿದ್ದು ಡಬ್ಬಿ ಬಿಚ್ಚುವಾಗಲೇ 9 ವೋಲ್ಟಿಗೆ ಇಳಿದಿತ್ತು. ಕಾರ್ ರಿಮೋಟಿನ 12 ವೋಲ್ಟಿನದು ಹಾಕಿದೆ. ಸೊನ್ನೆ ಹೊಂದಿಸುವ ನಾಬ್ ಎಷ್ಟು ತಿರುವಿದರೂ ಮುಳ್ಳು ಸೊನ್ನೆಗೆ ಬರಲೇ ಇಲ್ಲ.

ಕೊನೆಗೆ ಸಿಕ್ಕಿದ್ದು ಖಡೇಬಜಾರದ ಹಿಂದಿನ ಗಲ್ಲಿಯ ರೇಡಿಯೊ ರಿಪೇರಿ ಅಂಗಡಿ. ಬೋರ್ಡಿಲ್ಲ. ಒಳಗೆ ಒಬ್ಬರು ನಿಂತರೆ ಇನ್ನೊಬ್ಬರು ಹೊರಗೇ. ಅಂಗಡಿಯ ಕಾಕಾ ಮೀಟರಿನ ಹಿಂಬದಿ ಬಿಚ್ಚಿ, ಸೆಲ್ಲು ತಾಗುವ ಪತ್ತಿಯ ಮೇಲಿನ ಬಿಳಿ ಪುಡಿಯನ್ನು ಉಗುರಿನಿಂದ ಕೆರೆದರು. “ಅಲ್ಕಲೈನ್ ಸೆಲ್ ಸೋರೇದ. ಲಿಂಬಿ ರಸ ನಡೀತದ. ಹಳೇ ಕಾರ್ಬನ್ ಸೆಲ್ ಆಗಿದ್ರ ಅಡಿಗಿ ಸೋಡಾ ಬೇಕಿತ್ತು ನೋಡ್ ತಮ್ಮಾ.”

ಬ್ಯಾಟರಿ ಅವರ ಹತ್ತಿರವೂ ಇರಲಿಲ್ಲ. ಮಾಡಿಕೊಟ್ಟರು! 2032 ನಂಬರಿನ ಐದು ಬಟನ್ ಸೆಲ್ಲು, ಒಂದೊಂದು 3 ವೋಲ್ಟು. ಒಂದರ ಮೇಲೊಂದು ಪೇರಿಸಿ, ಲೆದರಾಯ್ಡ್ ಪೇಪರಿನಲ್ಲಿ (ಕರೆಂಟು ಹಾಯದ ದಪ್ಪ ಕಾಗದ) ಸುತ್ತಿ, ಎರಡೂ ತುದಿಗೆ ಹಿತ್ತಾಳೆ ಪತ್ತಿ ಒತ್ತಿ, ಹತ್ತಿ ಟೇಪಿನಿಂದ ಬಿಗಿದರು. ಸೆಲ್ಲಿಗೆ ನೇರವಾಗಿ ಬೆಸುಗೆ ಹಾಕಲಿಲ್ಲ, ಬಿಸಿಗೆ ಕೆಡುತ್ತದಂತೆ. ಮೋಟಾರಿನ ಸ್ಟೇಟರ್ ಸ್ಲಾಟಿಗೆ ದಿನಾ ಲೆದರಾಯ್ಡ್ ಹಾಕೋ ನನಗೇ ಇದು ಹೊಳೆದಿರಲಿಲ್ಲ. ಈ ರೇಂಜು ಎಳೆಯೋ ಕರೆಂಟು ತೀರಾ ಕಡಿಮೆ, ಬಟನ್ ಸೆಲ್ಲು ಆರಾಮಾಗಿ ತಡೆಯುತ್ತದೆ.

ಒಂದು ತಕರಾರು ಸರ್ಕ್ಯೂಟ್ ನಕ್ಷೆಯದು. ಕಾಕಾ ಹತ್ತಿರ ಎಣ್ಣೆ ಹತ್ತಿದ ಜೆರಾಕ್ಸ್ ಇದೆ, ಆದರೆ ಬೇರೆ ಮಾರ್ಕಿನದು, ಅಂದರೆ ಇದೇ ಮೀಟರಿನ ಬೇರೆ ಆವೃತ್ತಿಯದು. ಈ ಮೀಟರು 1951ರಿಂದ 2008ರವರೆಗೆ ಬಂತು, ನಡುವೆ ಒಳಗಿನ ಸರ್ಕ್ಯೂಟು ಹಲವು ಸಲ ಬದಲಾಗಿದೆ. ಒಳಗೆ ಒಂದು ರೆಸಿಸ್ಟರೂ ಸುಟ್ಟಿತ್ತು, ಅದರ ಓಮ್ ಮೌಲ್ಯ ಆ ಹಾಳೆಗೆ ತಾಳೆಯಾಗಲಿಲ್ಲ. ನನ್ನ ಮಾರ್ಕಿನ ನಕ್ಷೆ ಹುಡುಕಿ ಪ್ರಿಂಟ್ ಒಯ್ದ ಮೇಲೇ ಕೆಲಸ ಮುಂದೆ ಹೋಯಿತು. ನೀವು ಮೊದಲೇ ಒಯ್ಯಿರಿ, ಸುಮ್ನೆ ಎರಡು ಸಲ ಓಡಾಡಬೇಡಿ.

ಸೆಲ್ಲಿಗೆ 150, ಮಜೂರಿ 200. ಬಿಲ್ ಕೊಡಲ್ಲ. ಚಹಾ ಕೊಡುತ್ತಾರೆ. ಮಧ್ಯಾಹ್ನ ಬಾಗಿಲು ಅರ್ಧ ಹಾಕಿ ಮಲಗಿರುತ್ತಾರೆ, ಎಬ್ಬಿಸಿದರೆ ಸಿಟ್ಟು ಜಾಸ್ತಿ.

ಒಂದು ಮೆಗಾಓಮ್ ರೆಸಿಸ್ಟರ್ ಹಚ್ಚಿ ನೋಡಿದೆವು. ಮುಳ್ಳು ಸರಿಯಾದ ಜಾಗಕ್ಕೇ ಬಂದು ನಿಂತಿತು. “ಮಾರೂದಿದ್ರ ನನಗ ಹೇಳ್” ಎಂದರು ಕಾಕಾ. ನಾನು ಮೀಟರನ್ನು ಚೀಲಕ್ಕೆ ಹಾಕಿಕೊಂಡೆ.